ಹನ್ನೊಂದೂ ಇಪ್ಪತ್ತರ ಹಿರೇಮಠರು

ಹನ್ನೊಂದು ತಿಂಗಳ ಕಾಲ ಪುಣೆ ಬಳಿಯ ಕುರಕುಂಭದ ಒಂದು ಕಾರ್ಖಾನೆಯಿಂದ ಟ್ಯಾಂಕರ್‌ಗಟ್ಟಲೆ ರಾಸಾಯನಿಕವನ್ನು ಹೊರಗೆ ಕಳಿಸುವ ಅಧಿಕಾರ ನನಗಿತ್ತು. ಅದು ನನಗೆ ಗೊತ್ತಿರಲಿಲ್ಲ ಎನ್ನುವುದು ಎಲ್ಲರ ಪುಣ್ಯ. ಅಡುಗೆ ಸೋಡಾ ಯಾವುದು, ಪುಡಿ ಉಪ್ಪು ಯಾವುದು ಎಂದು ಇವತ್ತಿಗೂ ನಾಲಿಗೆಯ ಮೇಲೆ ಇಟ್ಟುಕೊಂಡೇ ತಿಳಿಯಬೇಕಾದವನು ನಾನು.

ನನ್ನ ಕಸುಬು ಪತ್ರಿಕೆಯದು. ಧಾರವಾಡ ಬಿಟ್ಟು ಪುಣೆಗೆ ಬಂದ ಮೇಲೂ ಬಹಳ ವರ್ಷ ಸುದ್ದಿಮನೆಯ ಡೆಸ್ಕಿನಲ್ಲಿ ಕುಳಿತು ಬೇರೆಯವರ ವಾಕ್ಯಗಳನ್ನು ತಿದ್ದಿದೆ. ಅದು ಮುಗಿದ ಮೇಲೆ ವಿಮಾನ ನಗರದಲ್ಲಿರುವ ಈ ರಾಸಾಯನಿಕ ಕಂಪನಿಯ ಕಚೇರಿ ಸೇರಿದೆ. ಕಾರ್ಖಾನೆ ಕುರಕುಂಭದಲ್ಲಿ, ಕಾಗದ ಪತ್ರ ವಿಮಾನ ನಗರದಲ್ಲಿ. ಯಾವ ಯಂತ್ರವನ್ನು ಹೇಗೆ ತೊಳೆಯಬೇಕು, ಯಾವ ಪರೀಕ್ಷೆಯನ್ನು ಯಾರು ಮಾಡಬೇಕು ಎಂಬ ನಿಯಮಗಳ ಕಡತಗಳನ್ನು ಓದಿ, ತಿದ್ದಿ, ಜನರಿಗೆ ಅರ್ಥವಾಗುವಂತೆ ಮಾಡುವುದು ನನ್ನ ಕೆಲಸ.

ಅಂಥವನಿಗೆ ಟ್ಯಾಂಕರಿನ ಅಧಿಕಾರ ಬಂದದ್ದು ಹೀಗೆ. ಕಂಪನಿಯ ಎಲ್ಲ ವ್ಯವಹಾರವೂ ಒಂದೇ ದೊಡ್ಡ ಸಾಫ್ಟ್‌ವೇರಿನಲ್ಲಿ ನಡೆಯುತ್ತದೆ. ಹೊಸಬನೊಬ್ಬ ಕೆಲಸಕ್ಕೆ ಸೇರಿದಾಗ ಅವನಿಗೆ ಅದರಲ್ಲಿ ಯಾವ ಯಾವ ಬಾಗಿಲು ತೆರೆಯಬೇಕು ಎಂದು ಒಂದು ಅರ್ಜಿ ತುಂಬಬೇಕು. ಅರ್ಜಿಯಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಗಳಿವೆ. ಅಷ್ಟನ್ನೂ ಓದುವ ವ್ಯವಧಾನ ಯಾರಿಗೂ ಇಲ್ಲವಾದ್ದರಿಂದ ಎಲ್ಲರೂ ಒಂದು ಸುಲಭ ದಾರಿ ಹಿಡಿದಿದ್ದಾರೆ: 'ಇಂಥವರಿಗೆ ಇದ್ದ ಹಾಗೆ' ಎಂದು ಬರೆದುಬಿಡುತ್ತಾರೆ. ನನ್ನ ಅರ್ಜಿಯಲ್ಲಿ 'ಹಿರೇಮಠರಿಗೆ ಇದ್ದ ಹಾಗೆ' ಎಂದು ಬರೆದರು. ನನ್ನ ಪಕ್ಕದ ಮೇಜಿನಲ್ಲಿ ಕೂರುತ್ತಿದ್ದವರು ಹಿರೇಮಠರು, ಅಷ್ಟೇ ಕಾರಣ.

ಬಸಯ್ಯ ಹಿರೇಮಠರು ಬೈಲಹೊಂಗಲದ ಕಡೆಯವರು. ಮೂವತ್ತು ವರ್ಷ ಕುರಕುಂಭದ ಪ್ರಯೋಗಾಲಯದಲ್ಲಿ ದುಡಿದವರು. ಸರಕಿನ ಒಂದು ಬ್ಯಾಚ್ ತಯಾರಾದರೆ ಅದನ್ನು ಪರೀಕ್ಷಿಸಿ 'ಸರಿ ಇದೆ, ಹೋಗಲಿ' ಎಂದು ಸಾಫ್ಟ್‌ವೇರಿನಲ್ಲಿ ಒತ್ತುತ್ತಿದ್ದವರು ಅವರೇ. ಅವರು ಒತ್ತದೆ ಗೇಟು ತೆರೆಯುತ್ತಿರಲಿಲ್ಲ. ಮಂಡಿನೋವು ಹೆಚ್ಚಾಗಿ ಪಾಳಿಯ ಕೆಲಸ ಆಗದೆ, ಕೊನೆಯ ಎರಡು ವರ್ಷಕ್ಕೆಂದು ಅವರನ್ನು ವಿಮಾನ ನಗರದ ತರಬೇತಿ ವಿಭಾಗಕ್ಕೆ ತಂದಿದ್ದರು. ಅವರು ಬಂದರು, ಜೊತೆಗೆ ಅವರ ಅಧಿಕಾರವೂ ಬಂತು. ಅವರಿಂದ ನನಗೂ ಬಂತು.

ಇದನ್ನು ಪತ್ತೆ ಹಚ್ಚಿದ್ದು ಗಿರಿಜಾ ಎಂಬ ಬೆಳಗಾವಿಯ ಹೆಣ್ಣುಮಗಳು. ಸಾಫ್ಟ್‌ವೇರಿನಲ್ಲಿ ಯಾರಿಗೆ ಯಾವ ಬಾಗಿಲು ಎಂದು ನೋಡಿಕೊಳ್ಳುವುದು ಅವಳ ಕೆಲಸ. ಒಂದು ಬೆಳಿಗ್ಗೆ ನನ್ನ ಮೇಜಿನ ಹತ್ತಿರ ಬಂದು ಸಹಜವಾಗಿ ಕೇಳಿದಳು:

"ಸರ, ನೀವು ಬ್ಯಾಚ್ ರಿಲೀಸ್ ಮಾಡ್ತೀರೇನ್ರಿ?"

"ಮಾಡಬೇಕಾಗ್ತದೇನವಾ?" ಎಂದೆ, ಹೊಸ ಕೆಲಸ ಹೇಳಲು ಬಂದಿದ್ದಾಳೆಂದು ತಿಳಿದು.

"ಬ್ಯಾಡ್ರಿ ಸರ! ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರಿ," ಎಂದು ನಕ್ಕು ಹೋಗಿ, ಹತ್ತು ನಿಮಿಷದಲ್ಲಿ ನನ್ನ ಅಧಿಕಾರ ತೆಗೆದುಹಾಕಿದಳು.

ಈಗ ಒಂದು ವಿಚಿತ್ರವನ್ನು ಒಪ್ಪಿಕೊಳ್ಳಬೇಕು. ಇದ್ದದ್ದೇ ಗೊತ್ತಿರದ ಅಧಿಕಾರ ಹೋದಾಗ ನನ್ನ ಮನಸ್ಸು ಚುರ್ ಎಂದಿತು. ಮಧ್ಯಾಹ್ನ ಊಟದ ಡಬ್ಬಿ ತೆರೆಯುವಾಗಲೂ ಅದೇ ಯೋಚನೆ. ನಾನು ಅಷ್ಟೊಂದು ಬೇಡದವನೇ? ನನ್ನನ್ನು ಕೇಳಿಯಾದರೂ ತೆಗೆಯಬಹುದಿತ್ತಲ್ಲ? ಕೇಳಿಯೇ ತೆಗೆದಿದ್ದಳು ಎನ್ನುವುದು ಪಲ್ಯ ಮುಗಿಯುವ ಹೊತ್ತಿಗೆ ನೆನಪಾಯಿತು.

ಮನುಷ್ಯನ ಈ ಸ್ವಭಾವವೇ ಗಿರಿಜಾಳ ದೊಡ್ಡ ತಲೆನೋವು. ಮೂರು ತಿಂಗಳಿಗೊಮ್ಮೆ ಅವಳು ಪ್ರತಿ ವಿಭಾಗದ ಮುಖ್ಯಸ್ಥರಿಗೆ ಒಂದು ಪಟ್ಟಿ ಕಳಿಸುತ್ತಾಳೆ. ನಿಮ್ಮಲ್ಲಿ ಇಷ್ಟು ಜನರಿಗೆ ಇಷ್ಟು ಅಧಿಕಾರ ಇದೆ. ಯಾರದು ಇರಬೇಕು, ಯಾರದು ತೆಗೆಯಬೇಕು, ಗುರುತು ಹಾಕಿ ಎಂದು. ಪಟ್ಟಿ ಎರಡು ವಾರದ ನಂತರ ವಾಪಸು ಬರುತ್ತದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಉದ್ದ ಗೀಟು, ಅದರ ಪಕ್ಕದಲ್ಲಿ ಮರಾಠಿಯ ಎರಡು ಶಬ್ದ: 'ರಾಹೂ ದ್ಯಾ'. ಇರಲಿ ಬಿಡಿ ಎಂದರ್ಥ. ಕೆಲಸ ಬಿಟ್ಟವರದೂ ಇರಲಿ, ಬೇರೆ ಊರಿಗೆ ಹೋದವರದೂ ಇರಲಿ. ಒಮ್ಮೆ, ತೀರಿಕೊಂಡ ಒಬ್ಬರ ಹೆಸರಿನ ಮುಂದೆಯೂ 'ರಾಹೂ ದ್ಯಾ' ಎಂದು ಬಂದಿತ್ತು. ಗಿರಿಜಾ ಫೋನ್ ಮಾಡಿ ಕೇಳಿದರೆ, ಆ ಮುಖ್ಯಸ್ಥರು ಗದ್ಗದಿತರಾಗಿ, "ಭಾಳ ಒಳ್ಳೆ ಮನುಷ್ಯ ಇದ್ದರು" ಎಂದರಂತೆ, ಮರಾಠಿಯಲ್ಲಿ.

ಅವರನ್ನು ನೋಡಿ ನಗುವುದು ಸುಲಭ. ಆದರೆ ನಮ್ಮ ಮನೆಗಳ ಲಗ್ನಪತ್ರಿಕೆಗಳನ್ನು ನೆನೆಯಿರಿ. ಕೆಳಗೆ 'ತಮ್ಮ ಆಗಮನಾಭಿಲಾಷಿಗಳು' ಎಂದು ಒಂದು ಪಟ್ಟಿ ಇರುತ್ತದಲ್ಲ? ಹಿರಿಯ ಮಗಳ ಮದುವೆಯಲ್ಲಿ ಅಚ್ಚಾದ ಹೆಸರನ್ನು ಕಿರಿಯ ಮಗನ ಮದುವೆಯಲ್ಲಿ ಬಿಡುವ ಧೈರ್ಯ ಯಾರಿಗಿದೆ? ಸೇರಿಸುವುದಕ್ಕೆ ಪೆನ್ನು ಸಾಕು, ತೆಗೆಯುವುದಕ್ಕೆ ಗುಂಡಿಗೆ ಬೇಕು. ಹಾಗಾಗಿ ಪಟ್ಟಿ ಬೆಳೆಯುತ್ತ ಹೋಗಿ, ಕೊನೆಗೆ ವಧೂವರರ ಹೆಸರಿಗೆ ಜಾಗ ಹುಡುಕಬೇಕಾಗುತ್ತದೆ. ಕಂಪನಿಯ ಸಾಫ್ಟ್‌ವೇರಿನ ಸ್ಥಿತಿಯೂ ಅದೇ.

ಗಿರಿಜಾ ಹಿರೇಮಠರ ಹೆಸರನ್ನೂ ಪಟ್ಟಿಗೆ ಹಾಕಿದ್ದಳು. ತರಬೇತಿ ವಿಭಾಗದ ಮುಖ್ಯಸ್ಥರು 'ರಾಹೂ ದ್ಯಾ' ಎಂದರು. ಅವಳು ಬಿಡದೆ ನನ್ನನ್ನು ಕೇಳಿದಳು, "ಸರ, ನೀವರೆ ಅವರಿಗೆ ಒಂದು ಮಾತು ಹೇಳ್ರಿ." ನಾನು ಹಿರೇಮಠರ ಮುಖ ನೋಡಿದೆ. ತರಬೇತಿ ವಿಭಾಗದಲ್ಲಿ ಕೂತರೂ ಅವರು ದಿನವೂ ಬೆಳಿಗ್ಗೆ ಪ್ರಯೋಗಾಲಯದ ಪುಟ ತೆರೆದು, ಇವತ್ತು ಎಷ್ಟು ಬ್ಯಾಚ್ ಎಂದು ನೋಡಿ, ಮುಚ್ಚುತ್ತಿದ್ದರು. ಮನೆ ಮಾರಿದವನು ಆ ಬೀದಿಯಲ್ಲಿ ಹೋಗುವಾಗ ಒಮ್ಮೆ ಕತ್ತೆತ್ತಿ ನೋಡುವಂತೆ. "ಇರಲಿ ಬಿಡು ತಂಗಿ," ಎಂದೆ ಗಿರಿಜಾಳಿಗೆ. ಮರಾಠಿಯಲ್ಲಿ ಹೇಳಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಯಾರ ಹೆಸರಿನಲ್ಲಿ ಏನು ನಡೆಯುತ್ತದೆ ಎನ್ನುವ ಚಿಂತೆ ಕಂಪ್ಯೂಟರಿನ ಜೊತೆ ಹುಟ್ಟಿದ್ದಲ್ಲ. ನಮ್ಮ ಹಳಗನ್ನಡದ ಎಷ್ಟೋ ಶಾಸನಗಳು ದಾನ ಕೊಟ್ಟ ದೊರೆಯ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಬರೆದವನು ಇಂಥವನು, ಕಲ್ಲಿನಲ್ಲಿ ಕಂಡರಿಸಿದವನು ಇಂಥವನು ಎಂದು ಕೊನೆಯಲ್ಲಿ ಹೇಳಿ ಮುಗಿಸುತ್ತವೆ. ತಪ್ಪಿದ್ದರೆ ಯಾರನ್ನು ಕೇಳಬೇಕು ಎನ್ನುವುದು ತಲೆತಲಾಂತರಕ್ಕೆ ತಿಳಿದಿರಲಿ ಎಂದು. ಪುಣೆಯ ಹಳೆಯ ಕಾಗದಗಳಲ್ಲಿ ಇನ್ನೊಂದು ಜಾಣತನವಿದೆ. ತಲೆಯ ಮೇಲೆ ಒಂದು ಮುದ್ರೆ. ಬರಹ ಮುಗಿದಲ್ಲಿ, ಕೊನೆಯ ಅಕ್ಷರಕ್ಕೆ ತಾಗಿದಂತೆ, ಇನ್ನೊಂದು ಪುಟ್ಟ ಮುದ್ರೆ. ಅದರ ಕೆಳಗೆ ಯಾರೂ ತಮ್ಮದೊಂದು ಸಾಲು ಸೇರಿಸಬಾರದಲ್ಲ! ಮೇಲಿನದು ಶಿಕ್ಕಾ, ಕೆಳಗಿನದು ಮೋರ್ತಬ್. ಇವತ್ತಿಗೂ ಮರಾಠಿ ಪತ್ರಿಕೆಗಳು ಯಾವುದಾದರೂ ನಿರ್ಧಾರ ಪಕ್ಕಾ ಆದರೆ ಶಿಕ್ಕಾಮೋರ್ತಬ್ ಆಯಿತು ಎಂದೇ ಬರೆಯುತ್ತವೆ. ಆದರೆ ಆ ಮುದ್ರೆಯನ್ನೇ ಒಬ್ಬ ಅಧಿಕಾರಿ 'ನೀವೇ ಒತ್ತಿಕೊಳ್ಳಿರಪ್ಪಾ' ಎಂದು ಕಾರಕೂನರ ಮೇಜಿನ ಮೇಲೆ ಇಟ್ಟು ಹೋದರೆ? ಅದಕ್ಕೆ ಆ ಕಾಲದಲ್ಲೂ ಮದ್ದಿರಲಿಲ್ಲ.

ಹಿರೇಮಠರು ಇಟ್ಟು ಬಂದಿದ್ದರು. ಅದು ತಿಳಿದದ್ದು ಔಷಧ ತಯಾರಿಸುವ ಒಂದು ಗಿರಾಕಿ ಕಂಪನಿಯಿಂದ ಪತ್ರ ಬಂದಾಗ. ನೀವು ಕಳಿಸಿದ ದ್ರಾವಕದ ಡ್ರಮ್ಮುಗಳಲ್ಲಿ ತೇವಾಂಶ ಮಿತಿ ಮೀರಿದೆ, ನಾವು ಬಳಸಿಲ್ಲ, ವಾಪಸು ಕಳಿಸಿದ್ದೇವೆ. ಇದನ್ನು ಪರೀಕ್ಷಿಸಿ ಬಿಟ್ಟವರು ಯಾರು, ಬರೆದು ತಿಳಿಸಿ. ನೋಡಿದರೆ, ಆ ಬ್ಯಾಚಿನ ಮೊದಲ ಪರೀಕ್ಷೆ ಸರಿ ಬಂದಿರಲಿಲ್ಲ. ಎರಡನೆಯ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಿದ್ದಾಗಲೇ ಯಾರೋ ಬಿಡುಗಡೆ ಒತ್ತಿದ್ದರು. ಸಾಫ್ಟ್‌ವೇರು ಮರೆಯುವುದಿಲ್ಲ. ಗುರುವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು, ಕುರಕುಂಭದ ಪ್ರಯೋಗಾಲಯದ ಕಂಪ್ಯೂಟರು, ಬಿ. ಹಿರೇಮಠ.

ನಿವೃತ್ತಿಗೆ ಎರಡು ತಿಂಗಳಿತ್ತು. ಕಾರ್ಖಾನೆಯ ಮುಖ್ಯಸ್ಥರು ನನ್ನನ್ನು ಕರೆದು, "ನೀವು ಪೇಪರಿನವರು, ನಡೆದದ್ದನ್ನು ಒಂದು ಪುಟದಲ್ಲಿ ಬರೆದುಕೊಡಿ, ಹೆಸರು ಇದೆಯಲ್ಲ" ಎಂದರು. ನನ್ನ ಪುಟದ ಮೇಲೆ ಅಮಾನತಿನ ಆದೇಶ ಬರುತ್ತದೆ ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. ಮೂವತ್ತು ವರ್ಷ ಒಂದೂ ತಪ್ಪು ಬ್ಯಾಚ್ ಬಿಡದ ಮನುಷ್ಯ ಅಮಾನತಾಗಿ ಮನೆಗೆ ಹೋಗುತ್ತಾರೆ.

ಗಂಟೆ, ಜಾಗ, ಜೊತೆಯಲ್ಲಿದ್ದವರು ಯಾರು ಎಂದು ಕಿಸೆಯ ಡೈರಿಯಲ್ಲಿ ಬರೆದಿಡುವ ಚಟ ನನಗೆ ಸುದ್ದಿಮನೆಯಿಂದ ಅಂಟಿದೆ. ತೆಗೆದು ನೋಡಿದೆ. ಆ ಗುರುವಾರ ಹನ್ನೊಂದೂ ಇಪ್ಪತ್ತಕ್ಕೆ ಹಿರೇಮಠರು ಕುರಕುಂಭದಲ್ಲಿರಲಿಲ್ಲ. ಎರಡು ಗಂಟೆ ದಾರಿಯ ದೂರದಲ್ಲಿ, ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಉಡುಪಿ ಹೋಟೆಲಿನಲ್ಲಿ, ನನ್ನ ಎದುರಿಗೇ ಕೂತಿದ್ದರು. ಮುದ್ರಣಾಲಯದಲ್ಲಿ ತರಬೇತಿ ಪುಸ್ತಿಕೆಯ ಕೆಲಸ ಮುಗಿಸಿ ತಿಂಡಿಗೆಂದು ಹೋಗಿದ್ದೆವು. ನನ್ನ ಕೈಯಲ್ಲಿ ಬ್ಯಾಚ್ ಬಿಡುಗಡೆಯ ಹೊಸ ನಿಯಮಾವಳಿಯ ಕಡತವಿತ್ತು. 'ಪರೀಕ್ಷೆ ಆದದ್ದನ್ನು ಖಚಿತಪಡಿಸಿಕೊಳ್ಳತಕ್ಕದ್ದು' ಎಂದು ಪುಟಕ್ಕೆ ನಾಲ್ಕು ಸಲ ಬರೆದಿದ್ದರು; ಖಚಿತಪಡಿಸಿಕೊಳ್ಳುವವರು ಯಾರು ಎಂದು ಒಂದು ಕಡೆಯೂ ಇರಲಿಲ್ಲ. ನಾನು ಪ್ರತಿ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ 'ಯಾರು?' ಎಂದು ಬರೆಯುತ್ತ ಅವರಿಗೆ ಓದಿ ಹೇಳುತ್ತಿದ್ದೆ.

"ಕಟ್ಟಿಯವರ," ಎಂದಿದ್ದರು ಹಿರೇಮಠರು, "ಉಪ್ಪಿಟ್ಟು ಆರಿ ಕಲ್ಲಾಗ್ಲಿಕ್ಕತ್ತದ. ಆ 'ಯಾರು' ಅನ್ನಾಂವ ಎಲ್ಲೂ ಓಡಿ ಹೋಗಂಗಿಲ್ಲ. ಮೊದ್ಲ ತಿನ್ರಿ."

ಡೈರಿ ಹಿಡಿದುಕೊಂಡು ಅವರ ಮೇಜಿಗೆ ಹೋಗಿ, "ನೀವು ಪಾರಾದ್ರಿ ಹಿರೇಮಠರ. ನಾನಽ ಸಾಕ್ಷಿ," ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಲ್ಲಿಂದ ಪಾರಾಗೂದ್ರಿ? ನಾ ಅಲ್ಲಿ ಇದ್ದಿಲ್ಲ ಅಂದ್ರ, ನನ್ನ ಪಾಸ್‌ವರ್ಡ್ ಅಲ್ಲಿತ್ತು ಅಂತ ಆತಲ್ಲ. ಬರೋ ಮುಂದ ನಾನಽ ಕೊಟ್ಟು ಬಂದೀನಿ. ಮಂದಿ ಕೇಳಿದ್ರು, ಕೊಟ್ಟೆ. ಮುಚ್ಚಿಟ್ಟುಕೊಂಡು ಬಂದ್ರ ಅವರನ್ನ ನಂಬಂಗಿಲ್ಲ ಅಂದಂಗ ಆಗ್ತದಲ್ರಿ."

ನಾನು ಎಷ್ಟೋ ಮಂತ್ರಿಗಳ, ಅಧಿಕಾರಿಗಳ ಸಮಜಾಯಿಷಿಗಳನ್ನು ಅಚ್ಚಿಗೆ ಕಳಿಸಿದವನು. ಇಷ್ಟು ನೇರವಾಗಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡವರನ್ನು ಕಂಡದ್ದು ಕಡಿಮೆ. ಪಾಸ್‌ವರ್ಡ್ ಯಾರೋ ಕದ್ದರು ಎಂದರೆ ಅವರು ಉಳಿಯುತ್ತಿದ್ದರು. ಅದನ್ನು ನಾನೇ ಬಾಯಿಬಿಟ್ಟು ಸೂಚಿಸಿದೆ ಎನ್ನುವುದನ್ನು ಇಲ್ಲಿ ದಾಖಲಿಸಬೇಕು. ಅವರು, "ಹಂಗಂದ್ರ ಒತ್ತಿದವರು ಕಳ್ಳರಾಗ್ತಾರ. ಅವರು ಕದ್ದಿಲ್ಲ. ನಡೀರಿ, ಹೋಗಿ ಕೇಳೂಣು," ಎಂದರು.

ಮರುದಿನ ಕಂಪನಿಯ ಗಾಡಿಯಲ್ಲಿ ಕುರಕುಂಭಕ್ಕೆ ಹೋದೆವು. ಪ್ರಯೋಗಾಲಯದಲ್ಲಿ ಹುಡುಕುವ ಪ್ರಮೇಯವೇ ಬರಲಿಲ್ಲ. ಹಿರೇಮಠರನ್ನು ಕಂಡ ಕೂಡಲೇ ಮೇಘಾ ಶಿಂದೆ ಎಂಬ ಕೆಮಿಸ್ಟ್ ಎದ್ದು ನಿಂತು, "ಸರ್, ಮೀಚ ಕೇಲಂ," ಎಂದರು. ನಾನೇ ಮಾಡಿದ್ದು ಎಂದು. ಬೇರೆ ಕಂಪನಿಯಲ್ಲಿ ಹತ್ತು ವರ್ಷ ದುಡಿದು ಇಲ್ಲಿಗೆ ಬಂದವರು, ಕೆಲಸ ಬಲ್ಲವರು. ಆ ದಿನ ಒಂದರ ಕೆಳಗೊಂದು ಎರಡು ಬ್ಯಾಚುಗಳಿದ್ದವು. ಬಿಡಬೇಕಾದದ್ದು ಮೇಲಿನದು, ಒತ್ತಿದ್ದು ಕೆಳಗಿನದು. ಅವರದೇ ಐಡಿ ಆಗಿದ್ದರೆ ಸಾಫ್ಟ್‌ವೇರು 'ಫಲಿತಾಂಶ ಬಂದಿಲ್ಲ' ಎಂದು ತಡೆಯುತ್ತಿತ್ತು. ಹಿರೇಮಠರ ಐಡಿಗೆ ಹಳೆಯ ಕಾಲದಿಂದ ಬಂದ ವಿಶೇಷ ಅನುಮತಿಯೊಂದಿತ್ತು. ಅವರು ಒತ್ತಿದರೆ ಅದು ಎದುರು ಮಾತಾಡುತ್ತಿರಲಿಲ್ಲ. ಯಂತ್ರ ಹಿರಿಯರಿಗೆ ಮರ್ಯಾದೆ ಕೊಟ್ಟಿತ್ತು.

"ನಿಮ್ಮದೇ ಐಡಿ ಯಾಕಿಲ್ಲ?" ಎಂದು ಕೇಳಿದೆ ನಾನು, ವಿಚಾರಣೆಗೆ ಬಂದವನ ಗತ್ತಿನಲ್ಲಿ.

ಮೇಘಾ ಮರಾಠಿಯಲ್ಲಿ ಬೇಸರದಿಂದಲೇ ಹೇಳಿದರು. ಇದೆ, ಆದರೆ ಬಿಡುಗಡೆಯ ಅಧಿಕಾರ ಕೊಟ್ಟಿಲ್ಲ. ಹೊಸ ನಿಯಮಾವಳಿ ಓದಿ ಸಹಿ ಹಾಕಿದ ಮೇಲೇ ಅಧಿಕಾರ. ಆ ನಿಯಮಾವಳಿ ಇನ್ನೂ ಬಂದೇ ಇಲ್ಲ. ಮೂರು ವಾರದಿಂದ ಕಡತ ಪುಣೆಯಲ್ಲಿ ಕೂತಿದೆ. "ಕೋಣೀತರೀ ಕಟ್ಟಿ ಮ್ಹಣೂನ ಆಹೇತ," ಎಂದರು. ಕಟ್ಟಿ ಅಂತ ಯಾರೋ ಇದ್ದಾರೆ. ಅವರು ಕಡತವನ್ನು ಬಿಡುವುದೇ ಇಲ್ಲವಂತೆ.

ಹಿರೇಮಠರು ಗಂಟಲು ಸರಿಮಾಡಿಕೊಂಡರು. ಮರಾಠಿಯಲ್ಲಿ, ಅತ್ಯಂತ ಗೌರವದಿಂದ, "ಇವರೇ ಅವರು," ಎಂದು ನನ್ನನ್ನು ಪರಿಚಯಿಸಿದರು.

ನಾನು ಆ ಕ್ಷಣ ಎಲ್ಲಿ ನೋಡಿದೆ ಎಂದು ಡೈರಿಯಲ್ಲಿ ಬರೆದಿಲ್ಲ. ಪ್ರತಿ ಅಂಚಿನಲ್ಲೂ 'ಯಾರು?' 'ಯಾರು?' ಎಂದು ಕೆಂಪು ಶಾಯಿಯಲ್ಲಿ ಕೇಳುತ್ತ ಮೂರು ವಾರ ಕಳೆದವನು ನಾನು. ಉತ್ತರ ಬರುವವರೆಗೆ ಕಡತ ಬಿಡುವುದಿಲ್ಲ ಎಂಬ ಹಟ. ಪತ್ರಿಕೆಯಲ್ಲಿ ಅದು ಒಳ್ಳೆಯ ಗುಣ. ಯಾರು ಎಂದು ಗೊತ್ತಿಲ್ಲದ ಸುದ್ದಿಯನ್ನು ತಡೆಹಿಡಿದರೆ ಹೆಚ್ಚೆಂದರೆ ಒಂದು ದಿನ ಪುಟದಲ್ಲಿ ಬೇರೆ ಸುದ್ದಿ ಬರುತ್ತದೆ. ಕಾರ್ಖಾನೆಯಲ್ಲಿ ಸರಕು ನಿಲ್ಲುವುದಿಲ್ಲ. ಅಲ್ಲಿ ಹೆಂಗಸೊಬ್ಬಳ ಹೆಸರನ್ನು ಮೂರು ವಾರ ಬಾಗಿಲ ಹೊರಗೆ ನಿಲ್ಲಿಸಿದರೆ ಅವಳು ಬೇರೆಯವರ ಹೆಸರಿನಲ್ಲಿ ಒಳಗೆ ಹೋಗುತ್ತಾಳೆ. ಬೀಗ ಬಿಗಿಯಾದಷ್ಟೂ ಭದ್ರತೆ ಎಂದು ನಾವು ತಿಳಿದಿದ್ದೇವೆ. ಕೆಲಸವಿದ್ದವರಿಗೆ ಬೀಗದ ಕೈ ಸಿಗದೆ ಹೋದರೆ ಅವರು ಹಿಂಬಾಗಿಲು ಮುಚ್ಚದಂತೆ ಕಲ್ಲು ಇಟ್ಟುಕೊಳ್ಳುತ್ತಾರೆ ಎನ್ನುವುದು ನಮ್ಮ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಪುಟ ಕೇಳಿದ್ದರು, ಒಂದೂವರೆ ಆಯಿತು. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದೆ. ಒತ್ತಿದವರು ಮೇಘಾ ಶಿಂದೆ, ತಪ್ಪಿ. ಐಡಿ ಹಿರೇಮಠರದು, ಅವರೇ ಕೊಟ್ಟದ್ದು. ಆ ಅಧಿಕಾರ ಅವರ ಹತ್ತಿರ ಉಳಿದದ್ದು ವಿಭಾಗದ ಮುಖ್ಯಸ್ಥರ 'ರಾಹೂ ದ್ಯಾ'ದಿಂದ ಮತ್ತು ನನ್ನ 'ಇರಲಿ ಬಿಡು'ವಿನಿಂದ. ಮೇಘಾ ಅವರಿಗೆ ಅಧಿಕಾರ ಸಿಗದಿದ್ದದ್ದು ಕಡತ ನನ್ನ ಮೇಜಿನ ಮೇಲೆ ಮೂರು ವಾರ ಇದ್ದುದರಿಂದ. ಗುಣವಾಚಕ ಒಂದನ್ನೂ ಬಳಸಲಿಲ್ಲ.

ಕಾರ್ಖಾನೆಯ ಮುಖ್ಯಸ್ಥರು ಓದಿ ತಲೆ ಎತ್ತಿದರು. "ನಾನು ಒಂದು ಹೆಸರು ಕೇಳಿದ್ದೆ. ನೀವು ನಾಲ್ಕು ಕೊಟ್ಟಿದ್ದೀರಿ. ಅದರಲ್ಲಿ ನಿಮ್ಮದೂ ಇದೆ."

"ಇದ್ದಷ್ಟು ಕೊಟ್ಟಿದ್ದೇನೆ," ಎಂದೆ.

ಅವರು ಬಹಳ ಹೊತ್ತು ಪುಟ ತಿರುಗಿಸುತ್ತಿದ್ದರು. ನಾಲ್ವರನ್ನು ಅಮಾನತು ಮಾಡಿದರೆ ಕಾರ್ಖಾನೆ ನಡೆಸುವುದು ಹೇಗೆ ಎಂದು ಯೋಚಿಸಿದರೋ, ನಾಲ್ವರ ತಪ್ಪಿಗೆ ಒಬ್ಬರನ್ನು ಕಳಿಸುವುದು ಸರಿಯಲ್ಲ ಎಂದು ಯೋಚಿಸಿದರೋ, ನನಗೆ ತಿಳಿಯದು. ತಿಳಿಯದ್ದನ್ನು ನಾನು ಬರೆಯುವುದಿಲ್ಲ. ಅಮಾನತು ಆಗಲಿಲ್ಲ. ನಾಲ್ವರಿಗೂ ಎಚ್ಚರಿಕೆಯ ಪತ್ರ ಬಂತು. ಹಿರೇಮಠರು ತಮ್ಮದನ್ನು ಎರಡು ಸಲ ಓದಿ, ಮಡಚಿ, ಅಂಗಿಯ ಕಿಸೆಯಲ್ಲಿಟ್ಟು, "ಮೂವತ್ತು ವರ್ಷದಾಗ ಕಂಪನಿ ಬರದ ಮೊದಲನೇ ಪ್ರೇಮಪತ್ರ ನೋಡ್ರಿ," ಎಂದರು. ನಕ್ಕರು, ಆದರೆ ಆ ದಿನ ಪ್ರಯೋಗಾಲಯದ ಪುಟ ತೆರೆಯಲಿಲ್ಲ.

ಗಿರಿಜಾ ಮುಂದಿನ ಪಟ್ಟಿಗೆ ಕಾಯುತ್ತಿದ್ದಳು. ಹಿರೇಮಠರು ಕಾಯಲಿಲ್ಲ. ತಾವೇ ಅವಳ ಮೇಜಿಗೆ ಹೋಗಿ ನಿಂತು, "ತಗೀವಾ ನಂದು," ಎಂದರು. ಅವಳು ಒತ್ತಲು ಹಿಂದೆಮುಂದೆ ನೋಡಿದಳು. ಹಿರಿಯರು ಎದುರಿಗೇ ನಿಂತಿದ್ದಾರೆ. "ಸರ, ನೀವು ಕುಂದರ್ರಿ, ಚಾ ಕುಡೀರಿ, ಆಮ್ಯಾಲೆ ತಗದ್ರಾತು," ಎಂದಳು. "ಚಾ ಕುಡದ್ರ ಮತ್ತ ಇರಲಿ ಬಿಡು ಅಂತೀನಿ. ಈಗಽ ತಗಿ," ಎಂದರು. ಅವಳು ಒತ್ತಿದಳು. ಅದೇ ವಾರ ನಾನು ಕಡತದ ಅಂಚಿನ 'ಯಾರು'ಗಳಿಗೆ ಹಿರೇಮಠರಿಂದಲೇ ಒಂದೊಂದಾಗಿ ಉತ್ತರ ಬರೆಸಿಕೊಂಡು ಕಡತ ಬಿಟ್ಟುಕೊಟ್ಟೆ. ಒಂದು ಮಧ್ಯಾಹ್ನದ ಕೆಲಸ ಅದು. ಮೊದಲೇ ಕೇಳಬಹುದಿತ್ತು.

ಇನ್ನು ಹಿರೇಮಠರು ಉಳಿದ ದಿನಗಳನ್ನು ಹೇಗೆ ಕಳೆಯುತ್ತಾರೋ ಎಂದು ನನಗೆ ಕಳವಳವಿತ್ತು. ಎಂಟು ಹತ್ತು ದಿನ ಕಳೆದವು. ಆಮೇಲೆ ಒಂದು ಬೆಳಿಗ್ಗೆ ಅವರ ಫೋನು ಹೊಡೆದುಕೊಂಡಿತು. ಕುರಕುಂಭದಿಂದ ಮೇಘಾ; ಅವರಿಗೆ ಈಗ ತಮ್ಮದೇ ಬಿಡುಗಡೆಯ ಅಧಿಕಾರ ಬಂದಿತ್ತು. ಹಿರೇಮಠರು ಅರ್ಧ ಮರಾಠಿ, ಅರ್ಧ ರಸಾಯನಶಾಸ್ತ್ರದಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ಮಾದರಿ ತೆಗೆದ ಬಾಟಲಿ ಒಣಗಿತ್ತೇ, ಮುಚ್ಚಳ ಎಷ್ಟು ಹೊತ್ತು ತೆರೆದಿತ್ತು, ಹೊರಗೆ ಮೋಡ ಇದೆಯೇ. ಕೊನೆಗೆ ಇನ್ನೊಂದು ಸಲ ಪರೀಕ್ಷೆ ಮಾಡಿ ನೋಡಿ, ಅವಸರ ಬೇಡ ಎಂದು ಫೋನು ಇಟ್ಟು, ನನ್ನ ಕಡೆ ತಿರುಗಿದರು.

"ಒಂದು ಗಮ್ಮತ್ತು ನೋಡ್ರಿ ಕಟ್ಟಿಯವರ. ನಾ ಇಲ್ಲಿಗೆ ಬಂದು ಎರಡು ವರ್ಷ ಆಗ್ಲಿಕ್ಕೆ ಬಂತು, ಅಲ್ಲಿಂದ ಒಬ್ಬರೂ ಒಂದು ಫೋನ್ ಮಾಡಿದ್ದಿಲ್ಲ. ಪಾಸ್‌ವರ್ಡ್ ಇತ್ತಲ್ಲ, ನಾ ಯಾಕ ಬೇಕ್ರಿ? ಈಗ ನನ್ನ ಕೇಳ್ಲಿಕ್ಕೆ ಸುರು ಮಾಡ್ಯಾರ."

ಆ ದಿನದ ಬ್ಯಾಚು ಸಂಜೆಯವರೆಗೂ ಹೊರಗೆ ಹೋಗಲಿಲ್ಲ. ಸಾಫ್ಟ್‌ವೇರಿನಲ್ಲಿ ಅದನ್ನು ತಡೆದವರ ಹೆಸರು ಮೇಘಾ ಶಿಂದೆ ಎಂದಷ್ಟೇ ದಾಖಲಾಗಿದೆ. ಹಿರೇಮಠರ ಹೆಸರು ಎಲ್ಲಿಯೂ ಇಲ್ಲ. ಗಿರಿಜಾಳ ಮೇಜಿನ ಮೇಲೆ ಬಗ್ಗಿ, ಅವಳ ಕಂಪ್ಯೂಟರಿನಲ್ಲಿ ಅದನ್ನು ಓದಿ, ಸರಿಯಾಗಿದೆ ಎಂದು ತಲೆ ಆಡಿಸಿ, ಅವರು ಚಹಾ ತರಿಸಿದರು.